ಬೀರಪ್ಪ ಕತ್ತರಿಸಿ ಎಸೆದ ಧ್ವನಿ

ಹೋದ ವಾರ ನಮ್ಮ ಅಂಗಡಿಯ ನೆಲಕ್ಕೆ ಹೊಸ ಫರಸಿ ಹಾಕಿಸಿದೆವು. ತಾಂಡೂರಿನ ನೀಲಿ ಕಲ್ಲು. ಮೇಸ್ತ್ರಿ ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಬಾಟಲಿ ಹಿಡಿದು ನೀರು ಹನಿಸುತ್ತ, ಮೂಲೆಗೆ ಬೇಕಾದ ತುಂಡನ್ನು ಮಷಿನ್ನಿನಿಂದ ಕೊಯ್ಯತೊಡಗಿದ. ಒದ್ದೆ ಕಲ್ಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಾಡುತ್ತಿದ್ದ ಹುಟ್ಟುಹಬ್ಬದ ಬ್ಯಾನರನ್ನು ಅಷ್ಟಕ್ಕೇ ಬಿಟ್ಟು ಎದ್ದು, ಹಿಂದಿನ ಗಲ್ಲಿಗೆ ಹೋಗಿ ನಿಂತುಬಿಟ್ಟೆ.

"ಏನಾತು ಶಾಂತಾ?" ಅಂದ ಅಣ್ಣ.

"ಧೂಳಣ್ಣಾ. ಕಣ್ಣಾಗ ಬಿತ್ತು."

ನೀರು ಬಿಟ್ಟು ಕೊಯ್ದರೆ ಧೂಳು ಏಳುವುದಿಲ್ಲ. ಅದು ಅಣ್ಣನಿಗೂ ಗೊತ್ತು. ಪಾಪ, ಮತ್ತೆ ಕೇಳಲಿಲ್ಲ. ನಾನು ಗಲ್ಲಿಯಲ್ಲಿ ನಿಂತು ಬೀರಪ್ಪ ಹೋದ ಆ ಮಳೆಗಾಲವನ್ನು ನೆನೆಸಿಕೊಂಡೆ. ನೆನೆಸಿಕೊಂಡೆ ಅಂತ ಹೇಳುವುದೂ ತಪ್ಪೇ. ಅದು ತಾನಾಗಿ ಬಂದು ಎದುರಿಗೆ ನಿಂತಿತು.

ಆ ಮಳೆಗಾಲದಲ್ಲಿ ನಾವು ಮೂವರು ಸೇರಿ ಒಂದು ಹಳೆಯ ಆಟವನ್ನು ಹೊಸದು ಮಾಡುತ್ತಿದ್ದೆವು. ಕಂಪ್ಯೂಟರಿನಲ್ಲಿ ಆಡುವ ಬಂದೂಕಿನ ಆಟ. ನಾನು ಹೈಸ್ಕೂಲಿನಲ್ಲಿದ್ದಾಗ ಅಣ್ಣ ಯಾರದೋ ಕಡೆಯಿಂದ ಸಿಡಿಯಲ್ಲಿ ತಂದಿದ್ದ. ಒಬ್ಬ ಸಿಪಾಯಿ, ನೆಲದಡಿಯಲ್ಲೊಂದು ಪಾಳು ಕಾರ್ಖಾನೆ, ಅದರ ತುಂಬ ಬೂದು ಬಟ್ಟೆಯ ಕಾವಲುಗಾರರು. ಅವರು ನಮ್ಮನ್ನು ಕಂಡರೆ ಕೂಗುತ್ತಾರೆ, ನಾವು ಹೊಡೆದರೆ ಚೀರಿ ಬೀಳುತ್ತಾರೆ. ಇಷ್ಟೇ ಕಥೆ. ಮಾಡಿದ ಕಂಪನಿಯವರು ಅದನ್ನು ಎಂದೋ ಮರೆತರು, ಆಡಿದವರು ಮರೆಯಲಿಲ್ಲ. ಯಾವ ಯಾವ ದೇಶದ ಅಭಿಮಾನಿಗಳೋ ಇಂಟರ್ನೆಟ್ಟಿನ ಒಂದು ಫೋರಂನಲ್ಲಿ ಕೂಡಿಕೊಂಡು, ಆ ಆಟದ ಗೋಡೆ, ಬಾಗಿಲು, ಬಂದೂಕು, ಸದ್ದು ಎಲ್ಲವನ್ನೂ ಒಂದೊಂದಾಗಿ ತೆಗೆದು ಹೊಸದು ಕೂರಿಸುತ್ತಿದ್ದರು. ಬಿಟ್ಟಿ ಕೆಲಸ. ಯಾರೂ ಹೇಳಿದ್ದಲ್ಲ, ಯಾರೂ ಕೇಳಿದ್ದಲ್ಲ. ಹಳೆಯ ಆಟದಲ್ಲಿ ಗೋಡೆಯ ಹತ್ತಿರ ಹೋದರೆ ಅದು ಕಲಸಿಟ್ಟ ಹಿಟ್ಟಿನ ಹಾಗೆ ಕಾಣುತ್ತಿತ್ತು. ಗುಂಡು ಹಾರಿಸಿದರೆ ಡಬ್ಬಿಯೊಳಗೆ ಯಾರೋ ಕೆಮ್ಮಿದ ಸದ್ದು.

ಜಹೀರಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದು ಫ್ಲೆಕ್ಸ್ ಅಂಗಡಿ. ಲೀಡರುಗಳ ಬೆರಳಗಲದ ಫೋಟೋ ತಂದುಕೊಟ್ಟರೆ ಅದನ್ನು ಲಾರಿಯಗಲ ಹಿಗ್ಗಿಸಿ, ಮುಖದ ಮೊಡವೆ ಒರೆಸಿ, ಹಿಂದೆ ಸೂರ್ಯನನ್ನು ಹುಟ್ಟಿಸುವುದು ನನ್ನ ದಿನದ ಕಸುಬು. ಆಟಕ್ಕೂ ಅದನ್ನೇ ಮಾಡಿದೆ. ಕಬ್ಬಿನ ಟ್ರ್ಯಾಕ್ಟರಿನ ಟ್ರಾಲಿಯ ತುಕ್ಕು, ಮಾರ್ಕೆಟ್ಟಿನ ಗೋದಾಮಿನ ಪಾಚಿ ಹಿಡಿದ ಗೋಡೆ, ನಮ್ಮವ್ವ ಹಾಲು ಕಾಯಿಸಿ ಸೀಸಿದ ಪಾತ್ರೆಯ ತಳ, ಎಲ್ಲ ಫೋಟೋ ಹೊಡೆದು ಆ ಕಾರ್ಖಾನೆಗೆ ಬಳಿದೆ. ಪರದೇಶದವರು "ಏನು ತುಕ್ಕು, ಏನು ತುಕ್ಕು" ಅಂತ ಹಾಡಿ ಹೊಗಳಿದರು. ನಮ್ಮವ್ವ ಮಾತ್ರ ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿದ ಹಣೆ ಚಚ್ಚಿಕೊಂಡು, "ಲಗ್ನ ಆಗೋ ಹುಡುಗಿ ಬಂದೂಕ ಹಿಡಕೊಂಡ ಕುಂತಾಳ ನೋಡ್ರಿ, ಇಕಿಗಿ ಯಾಂವ ಹೆಣ್ಣ ಕೇಳಾಕ ಬರ್ತಾನ" ಅನ್ನುತ್ತಿದ್ದಳು. ಹೆಸರಿಗೆ ನಾನು ಶಾಂತಾ. ನನ್ನ ಬಾಯಿಗೆ ಹೆದರಿಯೇ ಯಾರೂ ಬರಲಿಲ್ಲ ಅಂತ ಊರು ಹೇಳುತ್ತದೆ. ಇರಬಹುದು.

ಆ ಫೋರಂನಲ್ಲಿ ಒಬ್ಬ ಸದ್ದುಗಳನ್ನು ಹಾಕುತ್ತಿದ್ದ. ಇಂಗ್ಲಿಷಿನ ಯಾವುದೋ ಅಡ್ಡಹೆಸರು. ಆ ಸಲ ಜೂನಿನಲ್ಲಿ ಅವನು ತಗಡಿನ ಮೇಲೆ ಮಳೆ ಬೀಳುವ ಸದ್ದು ಹಾಕಿದ. ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಮಳೆಯ ಹಿಂದೆ, ದೂರದಲ್ಲಿ, ಒಬ್ಬ ಕಂಡಕ್ಟರ್ ಕೂಗುತ್ತಿದ್ದ: "ಜೈರಾಬಾದ್, ಜೈರಾಬಾದ್, ಜೈರಾಬಾದ್!" ನಾನು ಕುರ್ಚಿಯಿಂದ ಬೀಳುವುದೊಂದೇ ಬಾಕಿ. ಯಾವ ಅಮೆರಿಕದವನೋ ಅಂದುಕೊಂಡಿದ್ದವನು ನಮ್ಮೂರಿಗೆ ಬರುವ ಬಸ್ಸಿನ ಹತ್ತಿರ ನಿಂತಿದ್ದಾನೆ! "ನೀ ಯಾವೂರಾಂವಲೇ?" ಅಂತ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಹಾಕಿದೆ. ತುಸು ಹೊತ್ತಿಗೆ ಉತ್ತರ ಬಂತು: "ಖೇಡ್ ರಿ ಅಕ್ಕಾ."

ಅವನೇ ಬೀರಪ್ಪ. ನಾರಾಯಣಖೇಡದ ಹತ್ತಿರದ ಒಂದು ಹಳ್ಳಿಯ ಕುರುಬರ ಮನೆಯವನು. ಅಪ್ಪ ಇಲ್ಲ. ಅವ್ವ ಮಾಳವ್ವ, ತಮ್ಮ ಮಲ್ಲಪ್ಪ, ಒಂದಿಷ್ಟು ಕುರಿ. ಇವನಿಗೆ ಕುರಿಯ ಹಿಂದೆ ಹೋಗುವುದು ಒಗ್ಗದೆ, ಖೇಡದಲ್ಲಿ ಮೈಕ್‌ಸೆಟ್ಟಿನ ಅಂಗಡಿ ಇಟ್ಟಿದ್ದ. ಮದುವೆ, ಮುಂಜಿ, ಪಾರ್ಟಿ ಮೀಟಿಂಗು, ಎಲ್ಲದಕ್ಕೂ ಸ್ಪೀಕರ್ ಬಾಕ್ಸ್ ಹಾಕುತ್ತಿದ್ದ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ, ಕಟ್ ಮಾಡಿ ಮೆಸೇಜ್ ಹಾಕುತ್ತಿದ್ದ. ಎಂಥ ಕೊಬ್ಬು ಇವನಿಗೆ ಅಂದುಕೊಂಡಿದ್ದೆ. ಮೊದಲ ಸಲ ಅಂಗಡಿಗೆ ಬಂದಾಗ ತಿಳಿಯಿತು. ಬಾಗಿಲಲ್ಲಿ ಒಬ್ಬ ತೆಳ್ಳಗಿನ ಹುಡುಗ ನಿಂತು ಬಾಯಿ ತೆರೆದ. ಕತ್ತಿನ ನರ ಉಬ್ಬಿತು, ಕಣ್ಣು ಮುಚ್ಚಿತು, ಮಾತು ಹೊರಬೀಳಲಿಲ್ಲ. ಆಮೇಲೆ ಒಮ್ಮೆಲೆ "ಶರಣ್ರಿ ಅಕ್ಕಾ" ಅಂತ ಉದುರಿತು.

ಬೀರಪ್ಪ ಉಗ್ಗುತ್ತಿದ್ದ. ಸಾಲಿಯಲ್ಲಿ ಹುಡುಗರು "ಹಕಲಾ, ಹಕಲಾ" ಅಂತ ಬೆನ್ನು ಹತ್ತುತ್ತಿದ್ದರಂತೆ. ಮೈಕ್‌ಸೆಟ್ಟಿನವನಾದರೂ ಮೈಕಿನಲ್ಲಿ "ಹಲೋ, ಹಲೋ" ಅಂದವನಲ್ಲ. ಬೆರಳಿನ ಗೆಣ್ಣಿನಿಂದ ಮೈಕನ್ನು ಕುಟ್ಟಿ, ಒಂದು ಸಿಳ್ಳೆ ಹಾಕಿ, ಸದ್ದು ಸರಿ ಮಾಡಿ ಕೆಳಗಿಳಿಯುತ್ತಿದ್ದ. ಊರವರ ಭಾಷಣವೆಲ್ಲ ಅವನ ಬಾಕ್ಸಿನಲ್ಲೇ ಹಾಯ್ದು ಹೋಗುತ್ತಿತ್ತು, ಅವನದೊಂದು ಮಾತು ಬಿಟ್ಟು.

ಅವನ ಮನೆಗೆ ಒಮ್ಮೆ ಹೋಗಿದ್ದೆ, ಆಷಾಢದಲ್ಲಿ. ಹೊರಗೆ ಜಿಟಿಜಿಟಿ ಮಳೆ, ಒಳಗೆಲ್ಲ ಒದ್ದೆ ಉಣ್ಣೆಯ ವಾಸನೆ. ಮಾಳವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬೀರಪ್ಪ ಒಳಗೆ ಬಂದು ಅವಳಿಗೆ ಏನೋ ಹೇಳಲು ಹೋಗಿ ಸಿಕ್ಕಿಕೊಂಡ. ಬಡಿಯುತ್ತಿದ್ದ ಅವಳ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು. ಮುಖ ಎತ್ತಿ ಅವನ ಕಣ್ಣನ್ನೇ ನೋಡುತ್ತ ಕೂತಳು. ನನಗೆ ತಡೆಯಲಾಗದೆ, "ಮೊಸರು ಕೇಳ್ಲತ್ತಾನೇನ್ರಿ" ಅಂದುಬಿಟ್ಟೆ. ಮಾಳವ್ವ ನನ್ನ ಕಡೆ ತಿರುಗದೆಯೇ, ಸುಮ್ಮನಿರು ಅಂತ ಹಿಟ್ಟಿನ ಕೈ ಅಲ್ಲಾಡಿಸಿದಳು. ಹಂಚಿನ ಮೇಲಿದ್ದ ರೊಟ್ಟಿ ಸೀಯುತ್ತಿತ್ತು. ಸೀದರೆ ಸೀಯಲಿ ಅಂತ ಬಿಟ್ಟಿದ್ದಳು. ಕೊನೆಗೆ ಅವನು, "ಯವ್ವಾ, ಅಕ್ಕಗ ಕೆಂಪ ಖಾರ ಹಾಕು" ಅಂದ. ಅವನು ಹೇಳಲು ಬಂದದ್ದು ಅದು.

ಅವನು ಹೊರಗೆ ಹೋದ ಮೇಲೆ ಮಾಳವ್ವ ನಕ್ಕು ಹೇಳಿದಳು: "ಎಲ್ಲಾಕಿಂತ ನನ್ನ ಕರೆಯೋದss ಅಂವಂಗ ಭಾಳ ತ್ರಾಸ, ತಂಗಿ. ಯವ್ವಾ ಅನ್ನಾಕ ಎಷ್ಟ ಹೊತ್ತ ಹಿಡೀತಾನಂತಿ. ನಾ ಏನ ಮಾಡ್ತೀನಿ, ಓ ಅನ್ನಾಕ ತಯಾರಾಗಿ ಕುಂತಿರ್ತೀನಿ. ಅಂವ ಅಂದ ಮ್ಯಾಲss ಓ ಅಂತೀನಿ. ಮೊದ್ಲ ಅನ್ನಾಂಗಿಲ್ಲ. ಅಂದ್ರ ಅಂವಂಗ ಸಿಟ್ಟ ಬರ್ತದ."

ಮೂರನೆಯವನು ತಾಂಡೂರಿನ ರಫೀಕ್. ನಾನು ಕೊಟ್ಟ ಚಿತ್ರ, ಬೀರಪ್ಪ ಕೊಟ್ಟ ಸದ್ದು, ಎರಡನ್ನೂ ಆಟದೊಳಗೆ ಕೂರಿಸುವವನು ಅವನು. ಅವರಪ್ಪನದು ಕಲ್ಲು ಪಾಲಿಶ್ ಮಾಡುವ ಯಾರ್ಡ್. ಅಲ್ಲಿಯೇ ಮೂಲೆಯ ಒಂದು ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ. ಅವನ ಕೀಬೋರ್ಡಿನ ಮೇಲೆ, ಅವನ ಕೂದಲಲ್ಲಿ, ಅವನು ಕೊಡುವ ಚಹಾದಲ್ಲಿ ಕೂಡ ಕಲ್ಲಿನ ಹಿಟ್ಟು. ಆಟದ ಕಾವಲುಗಾರರು ನಮ್ಮ ಕಡೆಯ ಮೂರೂ ಮಾತು ಆಡಬೇಕು ಅಂತ ಹಟ ಹಿಡಿದವನು ಅವನೇ. ಒಬ್ಬ "ಯಾಂವಲೇ ಅಲ್ಲಿ?" ಅನ್ನಬೇಕು, ಇನ್ನೊಬ್ಬ "ಕೌನ್ ಹೈ ರೇ ಉಧರ್?" ಅನ್ನಬೇಕು, ಮತ್ತೊಬ್ಬ "ಎವಡ್ರಾ ಅಕ್ಕಡ?" ಅನ್ನಬೇಕು. "ಸಾಯೋ ಟೈಮಿಗಿ ಆದ್ಮಿ ತನ್ನ ಜಬಾನ್‌ದಾಗss ಚೀರ್ತಾನ ಅಕ್ಕಾ," ಅಂದ. ಆದ್ದರಿಂದ ಗುಂಡು ತಗುಲಿದಾಗ ಒಬ್ಬನಿಗೆ "ಅಮ್ಮೀ," ಒಬ್ಬನಿಗೆ "ಅಮ್ಮಾ," ಕನ್ನಡದವನಿಗೆ "ಯವ್ವಾ."

ಕೂಗುವವರು ಯಾರು? ರಫೀಕ್‌ಗೆ ನಗು ತಡೆಯುವುದಿಲ್ಲ. ನನ್ನದು ಹೆಣ್ಣು ಧ್ವನಿ. ನಾವಿಬ್ಬರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಬೀರಪ್ಪ ತನ್ನ ಎದೆ ಮುಟ್ಟಿ ತೋರಿಸಿದ. ಅವನು ಫೋನಿನಲ್ಲಿ ಬರೆದು ತೋರಿಸಿದ: "ಕಟ್ ಮಾಡಿ ಜೋಡಿಸಬಹುದು. ಒಂದು ಸಲ ನನ್ನ ಧ್ವನಿ ಸರಾಗ ಕೇಳಬೇಕು ನನಗ."

ತಾಂಡೂರಿನ ಹೊರಗೆ, ಕೆಲಸ ನಿಂತುಹೋದ ಕಲ್ಲಿನ ಖಣಿಯೊಂದಿದೆ. ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಗೋಡೆಗಳು, ತಳದಲ್ಲಿ ಹೊಸ ಮಳೆಯ ನೀರು. ಕೂಗಿದರೆ ಕೂಗು ನಾಲ್ಕೂ ಕಡೆ ಬಡಿದು ಬರುತ್ತದೆ, ಥೇಟ್ ನೆಲದಡಿಯ ಕಾರ್ಖಾನೆಯ ಹಾಗೆ. ಮೋಡ ಕವಿದ ಒಂದು ಮಧ್ಯಾಹ್ನ ಬೀರಪ್ಪ ಮೈಕು, ರೆಕಾರ್ಡರು ಹಿಡಿದು ಒಬ್ಬನೇ ಕೆಳಗಿಳಿದ. ತನ್ನ ಮುಖ ನಮಗೆ ಕಾಣಬಾರದು ಅಂತ ನಮ್ಮಿಬ್ಬರನ್ನೂ ಮೇಲೆಯೇ ನಿಲ್ಲಿಸಿದ್ದ. ನಾವು ಕೊಡೆ ಹಿಡಿದು ಬೆನ್ನು ತಿರುಗಿಸಿ ನಿಂತೆವು. ಕೆಳಗಿನಿಂದ ಬಹಳ ಹೊತ್ತು ಏನೂ ಬರುತ್ತಿರಲಿಲ್ಲ, ನೀರಿನಲ್ಲಿ ಹನಿ ಬೀಳುವ ಸದ್ದು ಬಿಟ್ಟರೆ. ಆಮೇಲೆ ತಡೆದು ತಡೆದು ಒಂದು ಮಾತಿನ ತುದಿ ಬರುತ್ತಿತ್ತು. ಆಮೇಲೆ ಇಡೀ ಖಣಿ "ಯಾಂವಲೇ ಅಲ್ಲಿ!" ಅಂತ ಗುಡುಗುತ್ತಿತ್ತು. ರಫೀಕ್ ನಗುವವನು ಆ ದಿನ ನಗಲಿಲ್ಲ. ಚಪ್ಪಲಿಯ ತುದಿಯಿಂದ ಕಲ್ಲಿನ ಚಕ್ಕೆಗಳನ್ನು ತಳ್ಳುತ್ತ ನಿಂತಿದ್ದ.

ಆ ರೆಕಾರ್ಡಿಂಗ್ ಕತ್ತರಿಸಿದ್ದು ಬೀರಪ್ಪನೇ, ರಫೀಕನ ಕೋಣೆಯಲ್ಲಿ ಕೂತು. ನಮಗ್ಯಾರಿಗೂ ಹೆಡ್‌ಫೋನ್ ಮುಟ್ಟಲು ಬಿಡಲಿಲ್ಲ. ಸದ್ದು ಪರದೆಯ ಮೇಲೆ ಗೆರೆಗೆರೆಯಾಗಿ ಕಾಣುತ್ತದಲ್ಲ, ಅದರಲ್ಲಿ ಎಲ್ಲೆಲ್ಲಿ ಉಗ್ಗಿದ್ದನೋ ಅಲ್ಲೆಲ್ಲ ಆಯ್ದು, ಅಕ್ಕಿಯಲ್ಲಿನ ಹಳ್ಳು ತೆಗೆದ ಹಾಗೆ ತೆಗೆದ. ಕೊನೆಗೆ ನಮಗೆ ಕೇಳಿಸಿದ. ಎಲಾ ಇವನ! ಒಂದು ತಡೆಯಿಲ್ಲ, ಒಂದು ತೊಡಕಿಲ್ಲ. ಗಂಡಸಿನ ತುಂಬು ಧ್ವನಿ. ಬೀರಪ್ಪ ಕಣ್ಣು ಅಗಲಿಸಿಕೊಂಡು ಕೇಳುತ್ತಿದ್ದ, ಬೇರೆ ಯಾರೋ ದೊಡ್ಡ ಮನುಷ್ಯರ ಮಾತು ಕೇಳುವವರಂತೆ. ಮತ್ತೆ ಮತ್ತೆ ಹಾಕಿಸಿ ಕೇಳಿದ.

ಆಮೇಲೆ ನಮ್ಮಿಬ್ಬರ ಕಡೆ ತಿರುಗಿದ. ಈ ಸಲ ಫೋನಿನಲ್ಲಿ ಬರೆಯಲಿಲ್ಲ. ಉಗ್ಗುತ್ತಲೇ, ಒಂದೊಂದೇ ಮಾತನ್ನು ಎಳೆದು ಹೇಳಿದ: "ಕಚ್ಚಾ ರೆಕಾರ್ಡಿಂಗ್ ಯಾರಿಗೂ ಕೇಳಸಬ್ಯಾಡ್ರಿ. ದೀಪಾವಳಿಗಿ ಆಟ ಬಿಟ್ಟ ಮ್ಯಾಲ ಅಳಸಿಬಿಡ್ರಿ. ಆಣಿ ಮಾಡ್ರಿ."

"ಮಾಡಿದ್ವೋ ಮಾರಾಯಾ," ಅಂದೆ.

"ಹಂಗಲ್ಲ. ನಮ್ಮವ್ವನ ಆಣಿ ಮಾಡ್ರಿ."

ನಮ್ಮ ಕಡೆ ಅದು ಹುಡುಗಾಟವಲ್ಲ. ಯಾರ ಮೇಲೆ ಆಣೆ ಮಾಡಿರುತ್ತೇವೋ, ಮುರಿದರೆ ಅವರಿಗೆ ತಗಲುತ್ತದೆ ಅಂತ ನಂಬುತ್ತೇವೆ. ಓದಿದವರೂ ನಂಬುತ್ತೇವೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ನಾನೂ ರಫೀಕನೂ "ಮಾಳವ್ವನ ಆಣಿ" ಅಂದೆವು. ತಾಂತ್ರಿಕ ಕೆಲಸದವನು ಕಡೆಯವರೆಗೆ ಮೂಲವನ್ನು ಅಳಿಸುವುದಿಲ್ಲ, ಆದ್ದರಿಂದ ದೀಪಾವಳಿಯವರೆಗೆ ಅದು ರಫೀಕನ ಹತ್ತಿರವೇ ಇರುವುದು ಅಂತ ಆಯಿತು.

ಆ ವರ್ಷ ಗಣಪತಿ ಕೂಡಿಸಿದ ಮೇಲೆ ಮಳೆ ನಿಲ್ಲಲೇ ಇಲ್ಲ. ರಸ್ತೆಗಳೆಲ್ಲ ಟ್ರ್ಯಾಕ್ಟರುಗಳು ತುಳಿದು ಕೆಸರಾಗಿದ್ದವು. ಬ್ಯಾನರ್ ಕೆಲಸದ ರಾಶಿಯಲ್ಲಿ ನಾನು ಫೋರಂ ತೆರೆದೇ ಇರಲಿಲ್ಲ. ಒಂದು ಮಧ್ಯಾಹ್ನ ಬೀರಪ್ಪನ ನಂಬರಿನಿಂದ ಫೋನ್ ಬಂತು. ಇವನು ಎಂದೂ ಫೋನ್ ಮಾಡುವವನಲ್ಲ. ಎತ್ತಿದೆ. ಆ ಕಡೆ ತಮ್ಮ ಮಲ್ಲಪ್ಪ, ಅಣ್ಣನ ಸಿಮ್ಮನ್ನು ತನ್ನ ಫೋನಿಗೆ ಹಾಕಿಕೊಂಡಿದ್ದ.

"ಅಕ್ಕಾ, ಅಣ್ಣ ಹೋಗ್ಯಾನ."

"ಎಲ್ಲಿಗಿ ಹೋಗ್ಯಾನ?" ಅಂದೆ. ಖರೆ ಹೇಳುತ್ತೇನೆ, ನನಗೆ ತಿಳಿಯಲಿಲ್ಲ.

ಖೇಡದ ಒಂದು ಗಲ್ಲಿಯ ಗಣಪತಿ ಪೆಂಡಾಲಿನಲ್ಲಿ ಅವನ ಬಾಕ್ಸುಗಳಿದ್ದವು. ತಾಡಪತ್ರಿಯ ಮೇಲೆ ನೀರು ನಿಂತು ಒಳಗೆ ಸೋರತೊಡಗಿತ್ತು. ಆಂಪ್ಲಿಫೈಯರ್ ನೆನೆದೀತು ಅಂತ ಎತ್ತಿಡಲು ಹೋಗಿದ್ದಾನೆ. ಕಾಲಡಿಯೂ ನೀರು. ಕರೆಂಟು ಹಿಡಿದುಕೊಂಡಿತು. ಅಲ್ಲಿದ್ದವರು ಹೇಳಿದ್ದು, ಅವನು ಚೀರಲಿಲ್ಲವಂತೆ. ಬಾಯಿ ತೆರೆದಿತ್ತಂತೆ, ಸದ್ದು ಬರಲಿಲ್ಲವಂತೆ. ಆ ಮಾತು ಕೇಳಿದ ಮೇಲೆ ನನಗೆ ಎಷ್ಟೋ ದಿನ ಅನ್ನ ಸೇರಲಿಲ್ಲ.

ಮಣ್ಣಿಗೆ ಹೋಗಿ ಬಂದೆವು. ತುಸು ದಿನಕ್ಕೆ ಮಲ್ಲಪ್ಪ ಅವ್ವನನ್ನು ಕರೆದುಕೊಂಡು ನಮ್ಮ ಅಂಗಡಿಗೇ ಬಂದ. ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಬೇಕಿತ್ತು. ಬೇರೆ ಅಂಗಡಿಗೆ ಹೋಗ್ರಿ ಅಂತ ಹೇಗೆ ಹೇಳುವುದು? ಅವನ ಒಳ್ಳೆಯ ಫೋಟೋ ಒಂದೂ ಇರಲಿಲ್ಲ. ಗುರುತಿನ ಚೀಟಿಯ ಅಂಚೆಚೀಟಿಯಷ್ಟು ಮುಖ ತಂದಿದ್ದರು. ಆಟದ ಗೋಡೆಗಳನ್ನು ಹಿಗ್ಗಿಸಿದ ಅದೇ ಕಂಪ್ಯೂಟರಿನಲ್ಲಿ, ಅದೇ ಬಗೆಯಲ್ಲಿ, ಬೀರಪ್ಪನ ಮುಖ ಹಿಗ್ಗಿಸಿದೆ. ಇಲ್ಲದ ಹುಬ್ಬಿನ ಕೂದಲನ್ನು ಯಂತ್ರವೇ ಊಹಿಸಿ ಬರೆಯಿತು. ತೆಲುಗಿನಲ್ಲಿ ಹೆಸರು, ಊರು, ಕೆಳಗೆ ಎರಡು ದೀಪ. ನನ್ನ ಕೈ ಕೆಲಸ ಮಾಡುತ್ತಿತ್ತು, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ.

ಮಾಳವ್ವ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದವಳು ಮೆಲ್ಲಗೆ ಕೇಳಿದಳು: "ತಂಗಿ, ಅವನ ಧ್ವನಿ ನಿಮ್ಮ ಮಿಷನ್‌ದಾಗ ಅದ ಅಂತಲ್ಲ?"

ಅವಳ ಹತ್ತಿರ ಅವನ ಧ್ವನಿ ಎಲ್ಲಿಯೂ ಇರಲಿಲ್ಲ. ತಮ್ಮನ ಮದುವೆಯ ವಿಡಿಯೋದಲ್ಲಿ ಅವನು ಬಾಕ್ಸಿನ ಹಿಂದೆ ಬಗ್ಗಿ ನಿಂತಿದ್ದಾನೆ, ಅದರ ಮೇಲೂ ಹಾಡು ಹಾಕಿಬಿಟ್ಟಿದ್ದಾರೆ. ಅವನ ಫೋನಿನ ಲಾಕ್ ತೆಗೆಸಲು ಮೊಬೈಲ್ ಅಂಗಡಿಗೆ ಕೊಟ್ಟಿದ್ದರು. ಲಾಕ್ ತೆಗೆಯುವ ಭರದಲ್ಲಿ ಒಳಗಿದ್ದದ್ದೆಲ್ಲ ಅಳಿಸಿಹೋಯಿತು. ಹಾಗೆ ನೋಡಿದರೆ ಅದರಲ್ಲೂ ಮಾತು ಇತ್ತೋ ಇಲ್ಲವೋ, ಅವನು ಬರೀ ಬರೆಯುತ್ತಿದ್ದವನು.

"ಅದ," ಅಂದೆ. ಆಟದ ಕಡತದಿಂದ "ಯಾಂವಲೇ ಅಲ್ಲಿ" ಹಾಕಿದೆ. "ನಿಂದ್ರು, ನಿಂದ್ರು" ಹಾಕಿದೆ. ಕನ್ನಡದವನು ಸಾಯುವಾಗ ಕೂಗುವ ಆ ಮಾತನ್ನು ಮಾತ್ರ ಮುಟ್ಟಲಿಲ್ಲ. ಮಾಳವ್ವ ತಲೆ ಓರೆ ಮಾಡಿ ಕೇಳಿದಳು. ಮುಖದಲ್ಲಿ ಏನೂ ಹುಟ್ಟಲಿಲ್ಲ.

"ಇನ್ನೊಮ್ಮಿ ಹಾಕು."

ಹಾಕಿದೆ.

"ಇದು ಯಾರದೋ. ನಮ್ಮಾಂವ ಅಲ್ಲ."

"ಅವನss ಯವ್ವಾ. ನಾನss ಅಲ್ಲಿದ್ದೆ."

"ನಮ್ಮಾಂವ ಹಿಂಗ ಒಂದss ದಮ್ಮಿಗಿ ಎಲ್ಲಿ ಮಾತಾಡ್ತಿದ್ದ, ತಂಗಿ? ಮಾತಿಗಿ ಮೊದ್ಲ ಅವನದೊಂದ ಇರ್ತಿತ್ತಲ್ಲ, ತಡಕಾಡೋದು. ಅದss ಅಂವ. ಅದ ಎಲ್ಲದ?"

ಅದು ಎಲ್ಲಿದೆ ಅಂತ ನನಗೆ ಗೊತ್ತಿತ್ತು. ಹೇಳಲಾರದೆ ಕೂತೆ. ಅವಳು ನನ್ನ ಮುಖ ನೋಡಿದಳು, ಮಾತು ಸಿಕ್ಕಿಕೊಂಡವರ ಮುಖ ಓದುವುದು ಅವಳಿಗೆ ಜೀವನದುದ್ದಕ್ಕೂ ರೂಢಿ. ಕಾಯ್ದಳು. ಕೊನೆಗೆ ನಾನೇ ಎಲ್ಲ ಹೇಳಿಬಿಟ್ಟೆ: ಖಣಿ, ಕತ್ತರಿಸಿದ್ದು, ಆಣೆ. ಆಣೆ ಯಾರ ಮೇಲೆ ಅನ್ನುವುದನ್ನೂ.

ರಫೀಕನಿಗೆ ಫೋನ್ ಮಾಡಿದರೆ ಅವನು ಸಾಫ್ ಇಲ್ಲ ಅಂದ. "ನಕ್ಕೋ ಶಾಂತಕ್ಕಾ. ಮರೇ ಸೋ ಆದ್ಮಿಗಿ, ಸತ್ತಾಂವಗ ಕೊಟ್ಟ ಜಬಾನ್ ಅದು. ಅಂವ ಹೆಂಗ ಕುಂತು ಒಂದೊಂದ ಕಟ್ ಮಾಡ್ದ, ನೀ ನೋಡಿಲ್ಲೇನು? ಶರಮ್‌ದಿಂದ ಮಾಡ್ದ. ಈಗ ನಾವು ತೆಗೆದು ಕೇಳ್ಸೋದಾ? ಮ್ಯಾಲ ಅಮ್ಮಗ ಏನರ ಆದ್ರ?"

"ಹೆತ್ತಾಕಿ ಕೇಳ್ಲತ್ತಾಳೋ!"

"ಹೆತ್ತಾಕಿ ಮ್ಯಾಲss ಅಲ್ಲೇನು ಆಣಿ!"

ನಾನು ಬಾಯಿಗೆ ಬಂದ ಹಾಗೆ ಬೈದೆ. ಅವನು ಫೋನ್ ಇಟ್ಟ. ಅವನದು ತಪ್ಪು ಅಂತ ಇವತ್ತೂ ನನಗೆ ಹೇಳಲಾಗುವುದಿಲ್ಲ. ಬೀರಪ್ಪನಿಗೆ ಜಗತ್ತಿನಲ್ಲಿ ಬೇಕಾಗಿದ್ದು ಒಂದೇ ಒಂದು, ತನ್ನ ಉಗ್ಗು ಯಾರ ಕಿವಿಗೂ ಬೀಳದೆ ಹೋಗುವುದು. ಮಾಳವ್ವನಿಗೆ ಬೇಕಾಗಿದ್ದು ಆ ಉಗ್ಗೊಂದೇ.

ಮಾಳವ್ವ ಎದ್ದು ನಿಂತಳು. "ನಡಿ ತಾಂಡೂರಿಗಿ," ಅಂದಳು.

ಬಸ್ಸಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಕಿಟಕಿಯ ಹೊರಗೆ ತೊಗರಿ ಹೊಲಗಳಲ್ಲಿ ನೀರು ನಿಂತಿತ್ತು. ಯಾರ್ಡಿನಲ್ಲಿ ಕಲ್ಲು ಕೊಯ್ಯುವ ಮಷಿನ್ನು ಓಡುತ್ತಿತ್ತು, ಆ ಒದ್ದೆ ವಾಸನೆ ಗೇಟಿನವರೆಗೂ ಬಂದಿತ್ತು. ರಫೀಕ್ ನಮ್ಮನ್ನು ನೋಡಿ ಬೆಚ್ಚಿದ, ಓಡಿ ಹೋಗಿ ಮಷಿನ್ನು ಬಂದ್ ಮಾಡಿಸಿದ. ತನ್ನ ಕೋಣೆಯಲ್ಲಿ ಮಾಳವ್ವನಿಗೆ ಕುರ್ಚಿ ಹಾಕಿದರೆ ಅವಳು ನೆಲಕ್ಕೇ ಕೂತಳು.

"ಬಾ ಇಲ್ಲಿ," ಅಂದಳು ಅವನಿಗೆ. "ನನ್ನ ತೆಲಿ ಮ್ಯಾಲ ಕೈ ಇಡು."

ರಫೀಕ್ ನನ್ನ ಕಡೆ ನೋಡಿದ. ಕೈಗೆ ಹತ್ತಿದ ಕಲ್ಲಿನ ಹಿಟ್ಟನ್ನು ಪ್ಯಾಂಟಿಗೆ ಒರೆಸಿಕೊಂಡು, ಬಗ್ಗಿ, ಅವಳ ಸೆರಗಿನ ಮೇಲೆ ಮೆಲ್ಲಗೆ ಇಟ್ಟ.

"ಈಗ ತಗಿ."

ತೆಗೆದ.

"ಆತು, ಆಣಿ ಇಳೀತು. ನನ್ನ ಮ್ಯಾಲಿಂದು, ನಾನss ಇಳಿಸೀನಿ. ಬಂದ್ರ ನನಗ ಬರ್ತದ. ಈಗಿನಕಿಂತ ಹೆಚ್ಚಿಂದು ಏನ ಬರೋದದ, ಬರ್ಲಿ. ಹಾಕು."

ರಫೀಕ್ ಕಂಪ್ಯೂಟರಿನ ಮುಂದೆ ಕೂತ. ಹೆಡ್‌ಫೋನ್ ಕೊಡಲು ಹೋದರೆ ಅವಳು ಬೇಡ ಅಂದಳು, ಸ್ಪೀಕರಿನಲ್ಲೇ ಹಾಕಿದ.

ಮೊದಲು ಖಣಿಯ ನೀರಿನಲ್ಲಿ ಹನಿ ಬೀಳುವ ಸದ್ದು. ಚಪ್ಪಲಿ ಕಲ್ಲಿಗೆ ಉಜ್ಜಿದ್ದು. ಗೆಣ್ಣಿನಿಂದ ಮೈಕು ಕುಟ್ಟಿದ್ದು, ಒಂದು ಸಣ್ಣ ಸಿಳ್ಳೆ. ಮಾಳವ್ವ ನೆಟ್ಟಗೆ ಕೂತಳು. ಆಮೇಲೆ ಉಸಿರು ಎಳೆದುಕೊಂಡ ಸದ್ದು, ಗಂಟಲಲ್ಲಿ ಏನೋ ಸಿಕ್ಕ ಸದ್ದು.

"ಯ... ಯ... ಯ..."

ರಫೀಕನ ಕೈ ಮೌಸಿನ ಕಡೆ ಹೋಯಿತು, ಮುಂದೆ ಓಡಿಸಲು. ಅವನಿಗೆ ತಡೆಯಲಾಗಲಿಲ್ಲ ಅನ್ನಿಸುತ್ತದೆ. ಮಾಳವ್ವ ಚಾಚಿ ಅವನ ಮಣಿಕಟ್ಟು ಹಿಡಿದಳು. ರೊಟ್ಟಿ ಸೀಯುತ್ತಿದ್ದಾಗ ಕೈ ಹೇಗೆ ನಿಂತಿತ್ತೋ ಹಾಗೆ ನಿಂತಿತ್ತು ಅವಳ ಕೈ. ಸ್ಪೀಕರಿನಲ್ಲಿ ಬೀರಪ್ಪ ತಡಕಾಡುತ್ತಲೇ ಇದ್ದ. ನಿಂತ, ಉಸಿರು ಬಿಟ್ಟ, ಮತ್ತೆ ಹಿಡಿದ. ಮಾಳವ್ವನ ತುಟಿ ಅಲ್ಲಾಡಲಿಲ್ಲ. ಅವನ ಪರವಾಗಿ ಅವಳು ಹೇಳಲಿಲ್ಲ. ಆಗ ಖಣಿಯೆಲ್ಲ ತುಂಬುವ ಹಾಗೆ ಅವನು ಕೂಗಿದ:

"ಯವ್ವಾ!"

"ಓ," ಅಂದಳು ಮಾಳವ್ವ.

ಖಣಿಯ ಗೋಡೆಗಳಿಂದ ಆ ಕೂಗು ತಿರುಗಿ ತಿರುಗಿ ಬಂತು. ಗುಂಡು ತಗುಲಿದವನ ಕೂಗು ಅದು, ನಾವು ಬರೆದುಕೊಟ್ಟದ್ದು. ಅವಳಿಗೆ ನಾವು ಅದನ್ನು ಹೇಳಲಿಲ್ಲ. ಕೊನೆಗೆ ಬೀರಪ್ಪ ತನ್ನಷ್ಟಕ್ಕೆ ನಕ್ಕದ್ದು ಕೇಳಿಸಿತು, ಕೂಗು ಸರಿಯಾಗಿ ಬಂತು ಅನ್ನುವ ಸಮಾಧಾನದ ನಗು. ರೆಕಾರ್ಡಿಂಗ್ ಇನ್ನೂ ಉದ್ದ ಇತ್ತು.

"ಸಾಕು, ಬಂದ್ ಮಾಡು," ಅಂದಳು.

ಇನ್ನೊಮ್ಮೆ ಅನ್ನುತ್ತಾಳೆ ಅಂದುಕೊಂಡಿದ್ದೆ. ಪೆನ್ ಡ್ರೈವಿಗೆ ಹಾಕಿಕೊಡು ಅನ್ನುತ್ತಾಳೆ ಅಂತ ಚೀಲದಲ್ಲಿ ಒಂದು ತಂದೂ ಇದ್ದೆ. ಅವಳು ರಫೀಕನ ಕೈ ಹಿಡಿದು, ಎಳೆದು, ತಾನೇ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

"ಈಗ ಆಣಿ ಮತ್ತ ಹತ್ತಿತು. ಅಂವ ಏನ ಹೇಳ್ಯಾನ ಅದ ಮಾಡ್ರಿ. ಅಳಸ್ರಿ."

"ಅಮ್ಮಾ, ದೀಪಾವಳಿ ತನಕ ಇರ್ಲಿ," ಅಂದ ರಫೀಕ್. ಆಣೆ ಮುರಿಯುವುದಿಲ್ಲ ಅಂತ ಹಟ ಹಿಡಿದಿದ್ದವನೇ ಈಗ ಅಳುತ್ತಿದ್ದ.

"ಇದ್ರ ನಾ ದಿನಾ ಬಸ್ ಹತ್ತಿ ಬರ್ತೀನಪಾ. ಮಗಗ ನಾಚಿಕಿ ಆಗ್ತದ. ನೀ ಅಳಸು ತಂಗಿ."

ಮೌಸು ನನ್ನ ಕೈಗೆ ಬಂತು. ಅಳಿಸು ಅಂತ ಒತ್ತಿದೆ. ಖಾತ್ರಿಯೇ, ಮತ್ತೆ ಸಿಗುವುದಿಲ್ಲ ಅಂತ ಕಂಪ್ಯೂಟರ್ ಕೇಳಿತು. ಅವಳಿಗೆ ಓದಿ ಹೇಳಿದೆ.

"ಎಷ್ಟ ಸಲ ಕೇಳ್ತದ ಅದು?" ಅಂದಳು.

ಒತ್ತಿದೆ. ಹೊರಗೆ ಯಾರೋ ಮಷಿನ್ನು ಮತ್ತೆ ಚಾಲೂ ಮಾಡಿದರು.

ದೀಪಾವಳಿಗೆ ಆಟ ಬಿಡುಗಡೆ ಆಯಿತು. ಪರದೇಶದವರು ಈಗಲೂ ಬರೆಯುತ್ತಾರೆ, ಆ ಕಾವಲುಗಾರನ ಧ್ವನಿ ಎಷ್ಟು ಗಟ್ಟಿ, ಯಾರದು ಅದು ಅಂತ. ರಫೀಕ್ ಉತ್ತರ ಕೊಡುತ್ತಾನೆ. ನಾನು ಆ ಆಟವನ್ನು ತೆರೆದಿಲ್ಲ. ಗೋಡೆಯ ತುಕ್ಕೆಲ್ಲ ನನ್ನದೇ, ಆದರೂ ಒಳಗೆ ಕಾಲಿಡಲಾರೆ. ಬೂದು ಬಟ್ಟೆಯವನು ಎದುರು ಬಂದರೆ ಹೊಡೆಯಬೇಕಲ್ಲ.

ಆ ದಿನ ತಾಂಡೂರಿನಿಂದ ತಿರುಗಿ ಬರುವಾಗ ಮಳೆ ಜೋರಾಗಿತ್ತು. ಬಸ್ಸಿನ ಶಟರು ಎಳೆದುಕೊಂಡು ಇಬ್ಬರೂ ಕತ್ತಲಲ್ಲೇ ಕೂತಿದ್ದೆವು. ಜಹೀರಾಬಾದ್ ಹತ್ತಿರ ಬಂದಾಗ ಮಾಳವ್ವ ನನ್ನ ಕೈ ಮುಟ್ಟಿದಳು.

"ಅಂವಂಗ ಮಾತ ಸಿಗಬಿದ್ದಾಗ ನಾ ಅವನ ಕಣ್ಣ ನೋಡ್ತಿದ್ದೆ, ತಂಗಿ," ಅಂದಳು. "ಇವತ್ತ ಎಲ್ಲಿ ನೋಡ್ಬೇಕು ತಿಳೀಲಿಲ್ಲ."